ಗಾಡಿ ಗುಜರಿಗೆ ಹೋಯ್ತು, ಹೆಸರು ಹೋಯ್ತಾ?

ಅಕ್ಕಂದಿರೇ, ತಂಗಿಯರೇ, ಹೋದ ಸಲ ಮಳೆಗಾಲಕ್ಕೆ ಒಣಮೀನು ಹ್ಯಾಂಗೆ ಕಟ್ಟಿಡೂದು ಅಂತ ಬರೆದಿದ್ದೆ. ಈ ಸಲ ಅಡುಗೆ ಮನೆ ಬಿಟ್ಟು ಅಂಗಳಕ್ಕೆ ಬರ್ತೇನೆ. ಅಂಗಳದ ಮೂಲೆಯಲ್ಲಿ ತೆಂಗಿನ ಗರಿ ಹೊದ್ದುಕೊಂಡು, ಟೈರಿನ ಗಾಳಿ ಇಳಿದು, ಕೋಳಿ ಮೊಟ್ಟೆ ಇಡುವ ಜಾಗ ಆಗಿ ಕೂತಿದ್ಯಲ್ಲ ಹಳೇ ಕಾರು, ಅದರ ಬಗ್ಗೆ ಹೇಳೂಕದೆ. ಕಾರಿಗೂ ನಮಗೂ ಎಂತಾ ಸಂಬಂಧ, ಅದು ಗಂಡಸರ ಕೆಲಸ ಅಂತ ಇಲ್ಲಿಗೇ ಓದೂದು ನಿಲ್ಲಿಸಬೇಡಿ. ಗಾಡಿ ಓಡಿಸುವಷ್ಟು ದಿನ ಅದು ಗಂಡಸರದ್ದು. ನಿಂತ ಮೇಲೆ ಅದರ ಸುತ್ತ ಕಸ ಗುಡಿಸೂದು ನಾವು. ಅದರ ಹೆಸರಲ್ಲಿ ಬರುವ ನೋಟೀಸು ತಗೊಳ್ಳೂದೂ ನಾವೇ, ಯಾಕಂದ್ರೆ ಪೋಸ್ಟಿನವನು ಬರುವ ಹೊತ್ತಿಗೆ ಮನೆಯಲ್ಲಿರೂದು ನಾವು.

ನಾನು ಹೇಳೂದು ಇಷ್ಟೇ. ಗುಜರಿಯವನು ಕೊಡುವ ದುಡ್ಡು ಗಾಡಿಯ ತಗಡಿಗೆ. ತಗಡು ಹೋದ್ರೂ ಗಾಡಿಯ ಹೆಸರು ನಿಮ್ಮ ಮೇಲೆ ಹಾಂಗೇ ಇರ್ತದೆ. ಹೆಸರು ತೆಗೆಸುವ ದಾರಿ ಗಟ್ಟಿ ಆಗದೆ ಗಾಡಿ ಅಂಗಳ ದಾಟಬಾರದು. ಇನ್ನೊಂದು ಮಾತು: ಆ ಕಾಗದಕ್ಕಾಗಿ ನಾವು ಬಾಗಿಲು ಬಾಗಿಲು ತಿರುಗುವ ಹಾಂಗೆ ಮಾಡಿದ್ದು ಸರಿ ಅಲ್ಲ. ಗಾಡಿ ಮಾರಿದವರಿಗೂ ಅದನ್ನು ಪುಸ್ತಕದಲ್ಲಿ ಬರೆದುಕೊಂಡವರಿಗೂ ಇದರಲ್ಲಿ ಹೊಣೆ ಅದೆ. ಅವರು ಅದನ್ನು ನಮ್ಮ ಮೇಲೆ ದೂಡಿ ಕೂತಿದ್ದಾರೆ.

ನಮ್ಮ ದೇವಬಾಗದಲ್ಲಿ ಗಾಡಿ ಎಷ್ಟು ಬೇಗ ಮುದಿ ಆಗ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಳಿ ನದಿ. ಗಾಳಿಮರದ ಸಾಲು ದಾಟಿ ಬರುವ ಉಪ್ಪು ಗಾಳಿ ಕಿಟಕಿಯ ಸರಳನ್ನೇ ತಿಂತದೆ, ಇನ್ನು ಕಾರಿನ ತಳ ಬಿಡ್ತದಾ? ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಓಡುವ ಗಾಡಿ ಇಲ್ಲಿ ಹದಿನೈದಕ್ಕೇ ಜಾಲರಿ. ಅಷ್ಟು ಹೊತ್ತಿಗೆ ರಿಜಿಸ್ಟ್ರೇಷನ್ನೂ ಮುಗೀತದೆ. ಸ್ವಂತ ಬಳಕೆಯ ಕಾರಿಗೆ ಅದು 15 ವರ್ಷಕ್ಕೆ. ಆಮೇಲೆ ಗಾಡಿ ತೋರಿಸಿ, ಪಾಸಾದ್ರೆ ಐದೈದು ವರ್ಷಕ್ಕೆ ಮುಂದುವರಿಸಬೇಕು. ಮುಂಚೆ ಅದರ ಫೀ 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ಆಯ್ತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ 10,000 ಮಾಡಿದ್ರು. ಬೆಸುಗೆ, ಬಣ್ಣ, ಹೊಸ ನಮೂನೆಯ ನಂಬರ್ ಪ್ಲೇಟು, ಇನ್ಶೂರೆನ್ಸು ಎಲ್ಲ ಕೂಡಿಸಿದ್ರೆ ಗಾಡಿಯ ಬೆಲೆಗಿಂತ ಖರ್ಚೇ ಹೆಚ್ಚು. ಹಾಂಗಾಗಿ ನಮ್ಮ ಓಣಿಯಲ್ಲೇ ಈಗ ಒಂದೊಂದೇ ಗಾಡಿ ಹೋಗ್ತಾ ಅದೆ. ಅದಕ್ಕೇ ಈ ಮಾತು ಈಗ ಹೇಳೂದು. ಎಲ್ಲ ಹೋದ ಮೇಲೆ ಹೇಳಿ ಏನು ಉಪಯೋಗ?

ನಮ್ಮ ಕಡೆ ಗುಜರಿಗೆ ಭಂಗಾರ ಅಂತಲೂ ಹೇಳ್ತೇವೆ. ನಾಲಗೆ ಸ್ವಲ್ಪ ಹೊರಳಿದ್ರೆ ಅದೇ ಬಂಗಾರ. ಬಂಗಾರದ ಒಂದು ಗುಂಜಿ ಕೊಡಬೇಕಾದ್ರೂ ಚೀಟಿ ಕೇಳ್ತೇವೆ, ಭಂಗಾರ ಕೊಡುವಾಗ ಚೀಟಿ ಯಾರೂ ಕೇಳೂದಿಲ್ಲ. ಭಂಗಾರದವನು ಬರ್ತಾನೆ, ಗಾಡಿಯ ಸುತ್ತ ಒಂದು ಸುತ್ತು ಬರ್ತಾನೆ, ಬಾಗಿಲು ಎಳೆದು ನೋಡ್ತಾನೆ, ಮುಖ ಸಣ್ಣ ಮಾಡ್ತಾನೆ. 'ಇದರಲ್ಲಿ ಎಂತಾ ಉಂಟು ಬಾಯಿ, ಎಲ್ಲ ತುಕ್ಕು' ಅಂತಾನೆ. ಒಂದು ರೇಟು ಹೇಳ್ತಾನೆ. ಗಂಡಸರು ಎರಡು ಸಾವಿರ ಏರಿಸಿದ್ರೆ ಗೆದ್ದ ಹಾಂಗೆ ನಗ್ತಾರೆ. ಆಮೇಲೆ ಅವನು ಕೇಳೂದು ಒಂದೇ: 'ಆರ್‌ಸಿ ಕೊಟ್ಟುಬಿಡಿ, ಕ್ಯಾನ್ಸಲ್ ನಾನೇ ಮಾಡಿಸ್ತೆ.' ಆ ಮಾತಿನ ಮೇಲೆ ಆರ್‌ಸಿ ಹೋಗ್ತದೆ, ಕೀಲಿ ಹೋಗ್ತದೆ, ನಂಬರ್ ಪ್ಲೇಟೂ ಹೋಗ್ತದೆ. ಕೈಯಲ್ಲಿ ಉಳಿಯೂದು ನೋಟು ಮಾತ್ರ. ಆ ನೋಟು ಗಣೇಶ ಚೌತಿಗೆ ಖರ್ಚಾಗ್ತದೆ.

ಕ್ಯಾನ್ಸಲ್ ಮಾಡಿಸ್ತಾನಾ? ಕೆಲವರು ಮಾಡಿಸ್ತಾರೆ, ಇಲ್ಲ ಅನ್ನೂದಿಲ್ಲ. ಆದ್ರೆ ಮಾಡಿಸದಿದ್ರೆ ಅವನಿಗೆ ನಷ್ಟ ಇಲ್ಲ, ನಮಗೆ ನಷ್ಟ. ನಷ್ಟ ಯಾರಿಗೋ ಕೆಲಸ ಅವರೇ ಮಾಡ್ಬೇಕು. ಇದು ಮನೆ ನಡೆಸಿದ ಯಾವ ಹೆಂಗಸಿಗೂ ಗೊತ್ತಿರುವ ಲೆಕ್ಕ. ಹಾಲು ಉಕ್ಕಿದ್ರೆ ಒಲೆ ಒರೆಸೂದು ಯಾರೋ, ಒಲೆ ಮುಂದೆ ನಿಲ್ಲೂದೂ ಅವರೇ.

ಕಾಯ್ದೆ ಎಂತಾ ಹೇಳ್ತದೆ ನೋಡಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮಾಲೀಕ ಅಂದ್ರೆ ಯಾರು ಅಂತ ಬರೆದಿದ್ದಾರೆ. ಯಾರ ಹೆಸರಲ್ಲಿ ಗಾಡಿ ರಿಜಿಸ್ಟರ್ ಆಗಿದ್ಯೋ ಅವರು. ಗಾಡಿ ಯಾರ ಅಂಗಳದಲ್ಲಿದೆ, ದುಡ್ಡು ಯಾರು ಕೊಟ್ರು ಅನ್ನೂದು ಆಮೇಲಿನ ಮಾತು. ಅದೇ ಕಾಯ್ದೆಯ 55ನೇ ಕಲಂ ಹೇಳ್ತದೆ: ಗಾಡಿ ನಾಶವಾದ್ರೆ, ಇಲ್ಲಾ ಇನ್ನೆಂದೂ ಉಪಯೋಗಕ್ಕೆ ಬಾರದ ಹಾಂಗೆ ಆದ್ರೆ, ಮಾಲೀಕರು 14 ದಿನದೊಳಗೆ, ಇಲ್ಲಾ ಆದಷ್ಟು ಬೇಗ, ತಾವಿರುವ ಊರಿನ ಆರ್‌ಟಿಓ ಕಚೇರಿಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಕಚೇರಿಯವರು ಹೆಸರು ಹೊಡೆದು ಹಾಕಬೇಕು. ಅಂದ್ರೆ ತಿಳಿಸುವ ಹೊಣೆ ಗುಜರಿಯವನ ಮೇಲೆ ಇಲ್ಲ, ನಮ್ಮ ಮೇಲೆ ಅದೆ.

ಹೊಡೆಯದಿದ್ರೆ ಎಂತಾ ಆಗ್ತದೆ ಅಂತ ಕೇಳುವವರಿಗೆ ಸುಪ್ರೀಂ ಕೋರ್ಟಿನ ಒಂದು ತೀರ್ಪು ಹೇಳ್ತೇನೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಅಂತ ಪ್ರಕರಣ, 2018ರ ಫೆಬ್ರವರಿಯಲ್ಲಿ ತೀರ್ಮಾನ ಆಯ್ತು. ಒಬ್ಬರು 2007ರಲ್ಲೇ ಕಾರು ಮಾರಿದ್ರು. ಅದು ಕೈಯಿಂದ ಕೈಗೆ ಹೋಯ್ತು, ಆದ್ರೆ ಪುಸ್ತಕದಲ್ಲಿ ಹೆಸರು ಮೊದಲನೆಯವರದ್ದೇ ಉಳೀತು. 2009ರ ಮೇ ತಿಂಗಳಲ್ಲಿ ಆ ಕಾರಿನಿಂದ ಅಪಘಾತ ಆಗಿ ಒಂದು ಜೀವ ಹೋಯ್ತು. ಪರಿಹಾರ ಕೊಡುವ ಹೊಣೆ ಯಾರದ್ದು? ಪುಸ್ತಕದಲ್ಲಿ ಹೆಸರಿದ್ದವರದ್ದು ಅಂತ ಕೋರ್ಟು ಹೇಳಿತು. ನೊಂದವರು ಒಬ್ಬೊಬ್ಬ ಖರೀದಿದಾರನ ಹಿಂದೆ ಓಡಬಾರದು, ಅದಕ್ಕೇ ಪುಸ್ತಕ ಇರೂದು ಅಂತ ಅದರ ನ್ಯಾಯ. ನ್ಯಾಯ ಸರಿಯೇ ಅದೆ, ನಾನು ತಕರಾರು ಮಾಡೂದಿಲ್ಲ. ಆದ್ರೆ ಗುಜರಿಗೆ ಕೊಟ್ಟ ಗಾಡಿ ಒಡೆಯದೆ, ರಿಪೇರಿ ಆಗಿ, ಘಟ್ಟದ ಮೇಲೆ ಎಲ್ಲೋ ಕಬ್ಬೋ ಕಲ್ಲೋ ಹೊತ್ತು ಓಡ್ತಾ ಇದ್ರೆ? ಅದರ ಬ್ರೇಕು ಹೋದ ದಿನ ಹುಡುಕಿಕೊಂಡು ಬರೂದು ನಮ್ಮ ಮನೆಗೆ.

ಒಡೆದೇ ಬಿಟ್ರು ಅಂತ ಇಟ್ಟುಕೊಳ್ಳಿ, ಆಗಲೂ ನೆಮ್ಮದಿ ಇಲ್ಲ. ಕದ್ದ ಗಾಡಿ ಮಾರುವವರಿಗೆ ಬೇಕಾದ್ದೇ ಸರಿಯಾದ ಒಂದು ಆರ್‌ಸಿ, ಒಂದು ನಂಬರ್ ಪ್ಲೇಟು, ಚೇಸಿಸ್ ನಂಬರಿನ ಒಂದು ತುಂಡು. ಅದೇ ಜಾತಿಯ ಕದ್ದ ಗಾಡಿಗೆ ಇವು ಮೂರೂ ಕೂತ್ರೆ ಸತ್ತ ಗಾಡಿ ಎದ್ದು ಓಡ್ತದೆ. ತುಕ್ಕು ಹಿಡಿದ ನಮ್ಮ ಕಾರಿನಲ್ಲಿ ಎಂತಾ ಬೆಲೆ ಉಂಟು ಅಂತ ಕೇಳ್ತೀರಲ್ಲ, ಬೆಲೆ ಇರೂದು ತಗಡಿಗಲ್ಲ, ಕಾಗದಕ್ಕೆ. ನಾವು ಅದನ್ನೇ ಬಿಟ್ಟಿ ಕೊಡೂದು.

ನಮ್ಮ ನೆಂಟರಲ್ಲಿ ಒಬ್ಬಳು, ವರಸೆಯಲ್ಲಿ ನನಗೆ ನಾದಿನಿ. ಗಂಡ ತೀರಿಕೊಂಡ ಮೇಲೆ ಕಾರು ನಿಂತಲ್ಲೇ ನಿಂತಿತ್ತು. ನೋಡಿದಾಗೆಲ್ಲ ಎದೆ ಒಡೀತದೆ ಅಂತ ಭಾವಂದಿರಿಗೆ ಹೇಳಿ ಕೊಡಿಸಿದಳು. ಗಂಡನ ಮೊಬೈಲು ಮಾತ್ರ ಬಂದ್ ಮಾಡಲಿಲ್ಲ. ಊರಿನವರ ನಂಬರೆಲ್ಲ ಅದರಲ್ಲೇ ಅದೆ, ಆಗಾಗ ಯಾರಾದ್ರೂ ಫೋನ್ ಮಾಡ್ತಾರೆ. ನಾಲ್ಕು ತಿಂಗಳು ಬಿಟ್ಟು ಒಂದು ಸಂಜೆ ಅದಕ್ಕೆ ಮೆಸೇಜು ಬಂತು: ಆ ಕಾರಿನ ನಂಬರಿಗೆ ಬೇರೆ ಜಿಲ್ಲೆಯಲ್ಲಿ ದಂಡ, ವೇಗ ಜಾಸ್ತಿ ಅಂತ. ಗಂಡನ ಹೆಸರು, ಗಾಡಿ ನಂಬರು, ತಾರೀಕು ಎಲ್ಲ ಸರಿ. ಮನುಷ್ಯ ಇಲ್ಲ, ಗಾಡಿ ಇಲ್ಲ, ದಂಡ ಅದೆ. ಅವಳು ಹಣಕ್ಕೆ ಅಳಲಿಲ್ಲ ಮಾರಾಯ್ತಿ. 'ಅವರು ಎಲ್ಲೋ ಇದ್ದಾರೆ ಅಂತ ಒಂದು ಗಳಿಗೆ ಅನಿಸ್ತು ಅತ್ತಿಗೆ' ಅಂದಳು. ಕೊಟ್ಟ ಗುಜರಿಯವನ ಫೋನು ಸ್ವಿಚ್ ಆಫ್. ಕಚೇರಿಗೆ ಹೋದ್ರೆ 'ಮಾಲೀಕರೇ ಬರಬೇಕು' ಅಂದರಂತೆ. ಮಾಲೀಕರು ಎಲ್ಲಿಂದ ಬರ್ತಾರೆ?

ಇನ್ನೊಂದು ಪೆಟ್ಟು ರೇಷನ್ ಕಾರ್ಡಿನದು. ಇದನ್ನು ಹೆಂಗಸರು ಗಟ್ಟಿಯಾಗಿ ತಲೆಯಲ್ಲಿಟ್ಟುಕೊಳ್ಳಿ. ಸ್ವಂತ ಬಳಕೆಯ ಬಿಳಿ ಬೋರ್ಡಿನ ನಾಲ್ಕು ಚಕ್ರದ ಗಾಡಿ ಇದ್ದವರಿಗೆ ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡ್ ಇಲ್ಲ ಅಂತ ನಿಯಮ. ಇದ್ಯೋ ಇಲ್ವೋ ಅಂತ ತಿಳೀಬೇಕಾದ್ರೆ ಅವರು ನಮ್ಮ ಅಂಗಳಕ್ಕೆ ಬಂದು ಬಗ್ಗಿ ನೋಡೂದಿಲ್ಲ, ಸಾರಿಗೆ ಇಲಾಖೆಯ ಪುಸ್ತಕ ನೋಡ್ತಾರೆ. ಪುಸ್ತಕದಲ್ಲಿ ಗಾಡಿ ಇದ್ರೆ ನೀವು ಕಾರಿನ ಒಡತಿ. ಗಾಡಿ ಮುರಿದು ಕಬ್ಬಿಣ ಆಗಿ ಯಾರದ್ದೋ ಮನೆ ತಾರಸಿಯ ಸರಳಾಗಿ ಕೂತಿದ್ರೂ ನೀವು ಕಾರಿನ ಒಡತಿಯೇ. ಅಕ್ಕಿ ಅದೆ, ಆಸ್ಪತ್ರೆ ಅದೆ, ಮಕ್ಕಳ ವಿದ್ಯಾರ್ಥಿವೇತನ ಅದೆ, ಎಲ್ಲದಕ್ಕೂ ಆ ಕಾರ್ಡು ಬೇಕು. ಐದಾರು ಸಾವಿರದ ತಗಡಿಗೆ ಅದನ್ನು ಅಡ ಇಡ್ತೀರಾ?

ಗುಜರಿ ವ್ಯವಹಾರದಲ್ಲಿ ಒಂದು ಹೆದರಿಸುವ ಮಾತೂ ಅದೆ. 'ಹದಿನೈದು ವರ್ಷ ಆಯ್ತು, ಇನ್ನು ಸರ್ಕಾರ ಬಂದು ಹೊತ್ತುಕೊಂಡು ಹೋಗ್ತದೆ, ಈಗಲೇ ಕೊಡಿ' ಅಂತ. ಇದು ಡೆಲ್ಲಿಯ ಮಾತು. ಅಲ್ಲಿಯ ಹೊಗೆಯ ದೆಸೆಯಿಂದ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ, ಕೋರ್ಟು ಎಲ್ಲ ಹೇಳಿದ್ದು. ನಮ್ಮ ಊರಿನ ಸ್ವಂತ ಕಾರಿಗೆ ಆ ಮಾತು ತಾಗೂದಿಲ್ಲ. ಸರ್ಕಾರದ್ದೇ ಗಾಡಿಗಳಾದ್ರೆ 15 ವರ್ಷದ ಮೇಲೆ ರಿಜಿಸ್ಟ್ರೇಷನ್ ಮುಂದುವರಿಸೂದಿಲ್ಲ ಅಂತ 2023ರ ಏಪ್ರಿಲ್ 1ರಿಂದ ಆಗ್ಯದೆ. ನಮ್ಮದು ಗಟ್ಟಿ ಇದ್ರೆ, ಪಾಸಾದ್ರೆ, ಫೀ ಕಟ್ಟಿ ಇಟ್ಟುಕೊಳ್ಳಬಹುದು. ಹೆದರಿ ಕೊಡಬೇಡಿ. ಹೆದರಿದವರ ಹತ್ರ ಯಾರೂ ಸರಿ ರೇಟೂ ಕೊಡೂದಿಲ್ಲ, ಸರಿ ಕಾಗದವೂ ಕೊಡೂದಿಲ್ಲ.

ಸರಿಯಾದ ದಾರಿ ಇಲ್ಲವೇ ಇಲ್ಲ ಅಂತಲ್ಲ. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಗಾಡಿ ಒಡೆಯುವ ನೋಂದಾಯಿತ ಕೇಂದ್ರಗಳಿಗೆ ನಿಯಮ ಮಾಡಿತು. ಆ ಕೇಂದ್ರಕ್ಕೆ ಗಾಡಿ ಕೊಟ್ರೆ ಮೊದಲು ಠೇವಣಿ ಪ್ರಮಾಣಪತ್ರ, ಅಂದ್ರೆ ಗಾಡಿ ನಮ್ಮಿಂದ ತಗೊಂಡಿದ್ದಕ್ಕೆ ಚೀಟಿ. ಒಡೆದ ಮೇಲೆ ಒಡೆದಿದ್ದಕ್ಕೆ ಇನ್ನೊಂದು ಪ್ರಮಾಣಪತ್ರ. ಗಾಡಿ ಕದ್ದದ್ದಲ್ಲ ಅಂತ ಅವರು ಮೊದಲೇ ನೋಡಿಕೊಳ್ಳಬೇಕು. ಕೇಂದ್ರದಿಂದ ಸಾರಿಗೆ ಇಲಾಖೆಯ ಕಂಪ್ಯೂಟರಿಗೇ ಸುದ್ದಿ ಹೋಗ್ತದೆ. ಮೊದಲಿನ ಆ ಚೀಟಿ ತೋರಿಸಿದ್ರೆ ಹೊಸ ಗಾಡಿಗೆ ರಿಜಿಸ್ಟ್ರೇಷನ್ ಫೀ ಮಾಫಿ. ಸ್ವಂತ ಗಾಡಿಯ ತೆರಿಗೆಯಲ್ಲಿ ರಾಜ್ಯಗಳು 25 ಶೇಕಡಾದವರೆಗೆ ಬಿಡಬಹುದು ಅಂತಲೂ ನಿಯಮ. ನಮಗೆ ಹೊಸ ಗಾಡಿ ಬೇಡದಿದ್ರೆ ಆ ಚೀಟಿ ಬೇರೆಯವರಿಗೆ ವರ್ಗ ಮಾಡೂಕೂ ಬರ್ತದೆ.

ಓದೂಕೆ ಎಷ್ಟು ಚಂದ! ಆದ್ರೆ ಆ ಕೇಂದ್ರ ದೇವಬಾಗಕ್ಕೆ ಬರ್ತದಾ? ಭಂಗಾರದವನ ಟೆಂಪೋ ಬರ್ತದೆ. ನಮ್ಮ ಸಿಟ್ಟು ಇರೂದು ಇಲ್ಲೇ. ಹೊಸ ಗಾಡಿ ಕೊಳ್ಳುವಾಗ ನೆನಪು ಮಾಡಿಕೊಳ್ಳಿ. ಶೋರೂಮಿನ ಹುಡುಗ ಮನೆಗೇ ಬಂದ. ಸಾಲದ ಕಾಗದ ಮನೆಯಲ್ಲೇ ಸಹಿ. ತೆರಿಗೆ, ಇನ್ಶೂರೆನ್ಸು, ಕೆಎ 30 ನಂಬರು ಎಲ್ಲ ಅವರೇ ಮಾಡಿಸಿದ್ರು. ನಮ್ಮ ಮನೆಯವರು ಆರ್‌ಟಿಓ ಮೆಟ್ಟಿಲು ಹತ್ತಲಿಲ್ಲ. ಗಾಡಿ ಒಳಗೆ ಬರುವಾಗ ಆರತಿ ಎತ್ತೂಕೆ ಎಲ್ಲರೂ ಇದ್ರು, ಹೊರಗೆ ಹೋಗುವಾಗ ಹೊರೂಕೆ ಯಾರೂ ಇಲ್ಲ. ದುಡ್ಡು ಬರುವ ಬಾಗಿಲಲ್ಲಿ ಹತ್ತು ಜನರನ್ನು ನಿಲ್ಲಿಸಿ, ದುಡ್ಡು ಬಾರದ ಬಾಗಿಲಿಗೆ ಬೀಗ ಹಾಕಿದ್ದಾರೆ.

ಈಗ ಇನ್ನೊಂದು ನಿಯಮವೂ ಬಂದದೆ. ಜೀವನ ಮುಗಿದ ಗಾಡಿಗಳ ಬಗ್ಗೆ ಪರಿಸರ ಇಲಾಖೆ ಮಾಡಿದ ನಿಯಮ, 2025ರ ಏಪ್ರಿಲ್ 1ರಿಂದ ಜಾರಿ. ಅದರ ಪ್ರಕಾರ ಗಾಡಿ ತಯಾರಿಸಿದ ಕಂಪನಿಗೂ ಮುದಿ ಗಾಡಿಯ ಹೊಣೆ ಅದೆ. ಇದು ಸರಿಯಾದ ಮಾತು. ನಮ್ಮ ಅಜ್ಜಿ ಕಾಲದಲ್ಲಿ ತಾಮ್ರದ ಹಂಡೆ ತೂತಾದ್ರೆ ಮಾರಿದ ಅಂಗಡಿಯವನೇ ಹಳೇದು ತೂಗಿ ಹೊಸದು ಕೊಡ್ತಿದ್ದ. ಹಂಡೆಗೆ ಇದ್ದ ಪದ್ಧತಿ ಕಾರಿಗೆ ಎಂತಕ್ಕೆ ಬೇಡ? ಮಾರೂಕೆ ಶೋರೂಮು ಇದ್ದ ಊರಲ್ಲಿ ಮರಳಿ ತಗೊಳ್ಳೂಕೂ ಒಂದು ಜಾಗ ಇರಲೇಬೇಕು. ಇಲ್ಲದಿದ್ರೆ ಇಂಜಿನಿನ ಎಣ್ಣೆ, ಬ್ಯಾಟರಿಯ ಆಸಿಡ್ಡು, ಎಸಿಯ ಗ್ಯಾಸು ಎಲ್ಲ ಯಾವುದೋ ಗದ್ದೆ ಬದಿಗೆ ಚೆಲ್ಲಿ ಕಡೆಗೆ ನಮ್ಮ ಕಾಳಿಗೇ ಬರ್ತದೆ. ಆ ನೀರಿನ ಚಿಪ್ಪಿಕಲ್ಲು, ಕಲಗ ತಿನ್ನೂದು ನಾವೇ.

ಗುಜರಿಯವನನ್ನೇ ಕಳ್ಳ ಅಂತ ನಾನು ಹೇಳೂದಿಲ್ಲ. ಬಿಸಿಲಲ್ಲಿ ಮನೆ ಮನೆ ತಿರುಗಿ, ನಮ್ಮ ಒಡೆದ ಬಕೆಟ್ಟು, ಹಳೇ ಪೇಪರು ಹೊತ್ತು ಬದುಕುವವನು ಅವನು. ಅವನಿಲ್ಲದಿದ್ರೆ ನಮ್ಮ ಹಿತ್ತಲು ಕಸದ ಕೊಂಪೆ. ಆದ್ರೆ ಕಾರು ಬಕೆಟ್ಟಲ್ಲ. ಬಕೆಟ್ಟಿಗೆ ನಂಬರಿಲ್ಲ, ಬಕೆಟ್ಟು ಯಾರಿಗೂ ಗುದ್ದೂದಿಲ್ಲ. ಅವನಿಗೆ ಸರಿಯಾದ ದಾರಿ ಮಾಡಿಕೊಟ್ರೆ ಅವನೂ ಸರಿಯಾಗೇ ಮಾಡ್ತಾನೆ. ನೋಂದಾಯಿತ ಕೇಂದ್ರದವರು ಅವನಂಥವರನ್ನೇ ಸೇರಿಸಿಕೊಂಡು ಗಾಡಿ ತರಿಸಲಿ, ಚೀಟಿ ಅವನ ಕೈಯಲ್ಲೇ ಕೊಟ್ಟು ಕಳಿಸಲಿ. ಯಾರು ಬೇಡ ಅಂತಾರೆ?

'ಇಷ್ಟೆಲ್ಲ ಎಂತಕ್ಕೆ, ನಮ್ಮಪ್ಪನ ಲ್ಯಾಂಬ್ರೆಟಾ ಹಾಂಗೇ ಹೋಯ್ತು, ಯಾರೂ ಕೇಳಲಿಲ್ಲ' ಅನ್ನುವವರು ಇದ್ದಾರೆ. ಹೌದು. ಆಗ ಪುಸ್ತಕ ಕಪಾಟಿನಲ್ಲಿ ಇತ್ತು, ಗೆದ್ದಲು ತಿಂದ್ರೂ ಯಾರಿಗೂ ಗೊತ್ತಾಗ್ತಿರಲಿಲ್ಲ. ಈಗ ಅದು ಕಂಪ್ಯೂಟರಿನಲ್ಲಿ ಅದೆ. ರಸ್ತೆಯ ಕ್ಯಾಮೆರಾ ಅದನ್ನು ನೋಡ್ತದೆ, ರೇಷನ್ನಿನವರು ನೋಡ್ತಾರೆ, ಪೊಲೀಸರು ನೋಡ್ತಾರೆ. ಅಪ್ಪನ ಕಾಲದ ಲೆಕ್ಕ ಈಗ ನಡೆಯೂದಿಲ್ಲ. 'ಏಜೆಂಟನಿಗೆ ಕೊಟ್ರೆ ಮಾಡಿಸ್ತಾನೆ' ಅನ್ನುವವರಿಗೂ ಒಂದು ಮಾತು: ಕೊಡಿ ಬೇಕಾದ್ರೆ, ಆದ್ರೆ ಮುಗಿದಿದ್ದಕ್ಕೆ ಪುರಾವೆ ಕೈಗೆ ಬಾರದೆ ಪೂರ್ತಿ ದುಡ್ಡು ಕೊಡಬೇಡಿ.

ಈಗ ಕಷ್ಟ ಇರುವ ಮನೆಗಳ ಮಾತು. ಗಾಡಿ ತೀರಿಹೋದ ಗಂಡನ ಹೆಸರಲ್ಲಿದ್ರೆ ಅದು ತಾನಾಗಿ ಹೆಂಡತಿಯದ್ದು ಆಗೂದಿಲ್ಲ. ಮಾಲೀಕರು ತೀರಿದ ಸುದ್ದಿ 30 ದಿನದೊಳಗೆ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು ಅಂತ ನಿಯಮ. ಹದಿನಾಲ್ಕನೇ ದಿನದ ಊಟ ಮುಗಿಸಿ ಕಣ್ಣು ಒರೆಸಿಕೊಳ್ಳುವ ಹೊತ್ತಿಗೆ ಯಾರಿಗೆ ಇದೆಲ್ಲ ನೆನಪಿರ್ತದೆ? ಅದಕ್ಕೇ ಇಂಥ ಮನೆಗೆ ಹೋದಾಗ ಬರೀ ಸಮಾಧಾನ ಹೇಳಿ ಬರಬೇಡಿ. ಮರಣ ಪ್ರಮಾಣಪತ್ರದ ನಾಲ್ಕು ಪ್ರತಿ ಹೆಚ್ಚಿಗೆ ತೆಗೆಸಿದ್ಯಾ, ಆರ್‌ಸಿ ಎಲ್ಲಿದೆ ಅಂತಲೂ ಕೇಳಿ. ಅದೂ ಒಂದು ಸಮಾಧಾನವೇ.

ಸಾಲದಲ್ಲಿ ತಗೊಂಡ ಗಾಡಿಯಾದ್ರೆ ಕಂತು ಮುಗಿದ್ರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಕೂತಿರ್ತದೆ. ಅದನ್ನು ತೆಗೆಸದೆ ಮುಂದಿನ ಕೆಲಸ ಆಗೂದಿಲ್ಲ. ಬ್ಯಾಂಕಿನ ಒಪ್ಪಿಗೆ ಪತ್ರ ಮತ್ತು 35ನೇ ನಮೂನೆ ಬೇಕು. ನಮ್ಮ ಕರಾವಳಿಯವರಿಗೆ ಇದರಲ್ಲಿ ಇನ್ನೊಂದು ಗೋಜಲು. ಹಳೇ ಸಾಲ ಹೆಚ್ಚಿನವರದ್ದು ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕಿನದ್ದು. ಆ ಮೂರು ಬೋರ್ಡೂ ಈಗ ಇಲ್ಲ. ವಿಜಯಾ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಈಗ ಪತ್ರ ಕೊಡಬೇಕಾದ್ದು ಆ ದೊಡ್ಡ ಬ್ಯಾಂಕುಗಳು. 'ಅದು ಬೇರೆ ಬ್ಯಾಂಕು, ನಮಗೆ ಗೊತ್ತಿಲ್ಲ' ಅಂತ ಯಾರಾದ್ರೂ ಹೇಳಿದ್ರೆ ಎದ್ದು ಬರಬೇಡಿ. ಸೊಸೆ ಮನೆಗೆ ಬಂದ ಮೇಲೆ ತವರಿನ ಸಾಲ ಗೊತ್ತಿಲ್ಲ ಅಂದ್ರೆ ನಡೆಯಬಹುದು, ಬ್ಯಾಂಕಿಗೆ ನಡೆಯೂದಿಲ್ಲ.

ಇನ್ನು ಗೋವಾ ನಂಬರಿನ ಗಾಡಿ. ಮಾಜಾಳಿ ಗಡಿ ದಾಟಿ ದುಡಿಯೂಕೆ ಹೋಗುವ ಮನೆಗಳಲ್ಲಿ ಜಿಎ ನಂಬರಿನ ಗಾಡಿ ಬೇಕಾದಷ್ಟು. ಅದು ಇಲ್ಲೇ ನಿಂತು ಹಾಳಾದ್ರೆ? ಕಲಂ 55 ಅದಕ್ಕೂ ದಾರಿ ಹೇಳ್ತದೆ. ನಾವಿರುವ ಊರಿನ ಕಚೇರಿಗೇ ತಿಳಿಸಿದ್ರೆ ಸಾಕು, ಮೂಲ ಕಚೇರಿಗೆ ಕಳಿಸೂದು ಅವರ ಕೆಲಸ. 'ಗೋವಾಕ್ಕೇ ಹೋಗಿ' ಅಂತ ಹೇಳಿದ್ರೆ ಆ ಕಲಮಿನ ಎರಡನೇ ಉಪಕಲಂ ತೋರಿಸಿ.

ನಾವು ಕೇಳಬೇಕಾದ್ದು ದೊಡ್ಡದೇನಲ್ಲ, ಮೂರೇ ಮಾತು. ಮೊದಲನೇದು, ಗಾಡಿ ಮಾರುವ ಶೋರೂಮಿನಲ್ಲೇ ಹಳೇ ಗಾಡಿ ತಗೊಂಡು, ಅಲ್ಲೇ ಠೇವಣಿ ಚೀಟಿ ಕೊಡುವ ವ್ಯವಸ್ಥೆ. ಎರಡನೇದು, ಕಲಂ 55ರ ತಿಳುವಳಿಕೆ ಪತ್ರವನ್ನು ಗ್ರಾಮ ಒನ್ ಕೇಂದ್ರದಲ್ಲೇ ತಗೊಳ್ಳಬೇಕು. ಪಹಣಿ, ಜಾತಿ ಪ್ರಮಾಣಪತ್ರ ಎಲ್ಲ ಊರಿನಲ್ಲಿ ಸಿಗುವಾಗ ಇದೊಂದಕ್ಕೆ ಎಂತಕ್ಕೆ ಕೂಲಿ ಬಿಟ್ಟು ಕಾಳಿ ಸೇತುವೆ ದಾಟಿ ಕಾರವಾರ ಪೇಟೆಗೆ ಹೋಗಬೇಕು? ಮೂರನೇದು, ಪತ್ರ ಕೊಟ್ಟ ಗಳಿಗೆಯಲ್ಲೇ ನಂಬರಿರುವ ಸ್ವೀಕೃತಿ. ಅರ್ಜಿ ಕೊಟ್ಟವರ ಕೈಗೆ ನಂಬರು ಕೊಡಬೇಕು, ದಿನ ಹೇಳಬೇಕು ಅನ್ನೂದು 2011ರ ಸಕಾಲ ಕಾಯ್ದೆಯಿಂದಲೇ ನಮ್ಮ ರಾಜ್ಯ ಕಲಿತ ಪಾಠ. ಮಾಲೀಕರು ತೀರಿದ ಮನೆಯಿಂದ ಬಂದವಳಿಗೆ 'ಮಾಲೀಕರೇ ಬರಬೇಕು' ಅನ್ನುವ ಬಾಯಿಗೆ ಆಗ ಸ್ವಲ್ಪ ಬುದ್ಧಿ ಬರ್ತದೆ.

ಇದೆಲ್ಲ ಆಗುವವರೆಗೆ ನಾವು ಸುಮ್ಮನೆ ಕೂರೂದು ಬೇಡ. ಗಾಡಿ ಕೊಡುವ ಮೊದಲು ಅದರ ಮೇಲೆ ದಂಡ, ತೆರಿಗೆ, ಸಾಲ ಬಾಕಿ ಅದೆಯೋ ಅಂತ ಮಕ್ಕಳ ಮೊಬೈಲಿನಲ್ಲಿ ನೋಡಿಸಿ. ಆರ್‌ಸಿಗೆ ಈಗ ಬಳಸುವ ಮೊಬೈಲ್ ನಂಬರು ಸೇರಿಸಿ, ಓಟಿಪಿ ಬಾರದೆ ಆನ್‌ಲೈನ್ ಕೆಲಸ ಆಗೂದಿಲ್ಲ. ನೋಂದಾಯಿತ ಕೇಂದ್ರಕ್ಕೆ ಕೊಡೂಕೆ ಆದ್ರೆ ಅದಕ್ಕೇ ಕೊಡಿ, ಎರಡು ಸಾವಿರ ಕಮ್ಮಿ ಬಂದ್ರೂ ಪರವಾಗಿಲ್ಲ. ಓಣಿಯಲ್ಲಿ ಮೂರ್ನಾಲ್ಕು ಗಾಡಿ ಇದ್ರೆ ಒಟ್ಟಿಗೆ ಮಾತಾಡಿ ಕರೆಸಿ, ಸಾಗಣೆ ಖರ್ಚು ಹಂಚಿಹೋಗ್ತದೆ. ಸಂಘದಲ್ಲಿ ಸೇರಿ ಹಪ್ಪಳ ಮಾಡಿದ ನಮಗೆ ಇದೇನು ಬ್ರಹ್ಮವಿದ್ಯೆ ಅಲ್ಲ.

ಊರಿನ ಗುಜರಿಗೇ ಕೊಡಬೇಕಾಗಿ ಬಂದ್ರೆ ಮೂಲ ಆರ್‌ಸಿ ಅವನ ಕೈಗೆ ಕೊಡಬೇಡಿ, ಅದು ಕಚೇರಿಗೆ ಒಪ್ಪಿಸುವ ವಸ್ತು. ನಂಬರ್ ಪ್ಲೇಟು ಎರಡೂ ಬಿಚ್ಚಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಗಾಜಿನ ಫಾಸ್ಟ್ಯಾಗ್ ಕಿತ್ತು ಬ್ಯಾಂಕಿಗೆ ಹೇಳಿ ಬಂದ್ ಮಾಡಿಸಿ. ಇಲ್ಲದಿದ್ರೆ ಯಾರೋ ಹಟ್ಟಿಕೇರಿ ಟೋಲ್ ದಾಟ್ತಾರೆ, ದುಡ್ಡು ನಿಮ್ಮ ಖಾತೆಯಿಂದ ಹೋಗ್ತದೆ. ಚೇಸಿಸ್ ನಂಬರಿನ ತುಂಡು ನಿಮ್ಮೆದುರೇ ಕತ್ತರಿಸಿ ಕೊಡಲಿ, ಫೋಟೋ ತೆಗೀರಿ. ತಗೊಂಡವನ ಹೆಸರು, ವಿಳಾಸ, ತಾರೀಕು, ದುಡ್ಡು ಬರೆದು ಸಹಿ ಹಾಕಿಸಿ, ಗುರುತಿನ ಚೀಟಿಯ ಪ್ರತಿ ತಗೊಳ್ಳಿ. ಕೊಡೂದಿಲ್ಲ ಅಂದವನಿಗೆ ಗಾಡಿಯೂ ಇಲ್ಲ. ಆಮೇಲೆ 14 ದಿನದೊಳಗೆ ಪತ್ರ, ಆರ್‌ಸಿ, ಈ ದಾಖಲೆಗಳ ಪ್ರತಿ ಎಲ್ಲ ಕಚೇರಿಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಹಾಕೂದಿಲ್ಲ ಅಂದ್ರೆ ಸ್ವೀಕೃತಿ ಬರುವ ಹಾಂಗೆ ಅಂಚೆಯಲ್ಲಿ ಕಳಿಸಿ. ತಿಂಗಳಾದ್ರೂ ಸುದ್ದಿ ಇಲ್ಲದಿದ್ರೆ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಬರೀರಿ: ನನ್ನ ಗಾಡಿಯ ನೋಂದಣಿ ರದ್ದಾಯ್ತಾ, ಯಾವ ತಾರೀಕಿಗೆ ಅಂತ. ಪಿಯುಸಿ ಓದಿದ ನಾನು ಬರೀಬಹುದಾದ್ರೆ ನಿಮ್ಮ ಡಿಗ್ರಿ ಓದಿದ ಸೊಸೆಯಂದಿರು ಬರೆಯದೆ ಇರ್ತಾರಾ? ಇನ್ಶೂರೆನ್ಸ್ ಬಂದ್ ಮಾಡೂದು ಹೆಸರು ರದ್ದಾದ ಮೇಲೆ, ಮೊದಲಲ್ಲ.

ಕಾಗದದ ಬೆಲೆ ಈ ತಾಲೂಕಿನವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಸೀಬರ್ಡಿಗೆ ಜಾಗ ಹೋದಾಗ ಮನೆ ಬಿಟ್ಟವರಲ್ಲಿ ಕಾಗದ ಗಟ್ಟಿ ಇದ್ದವರು ಎಷ್ಟು ತಿರುಗಿದ್ರು, ಇಲ್ಲದವರು ಎಷ್ಟು ತಿರುಗಿದ್ರು ಅಂತ ನಮ್ಮ ಹಿರಿಯರೇ ಹೇಳ್ತಾರೆ. ಅಲ್ಲಿ ಹೆಸರು ಇರಬೇಕಾದ ಪುಸ್ತಕದಲ್ಲಿ ಇರಲಿಲ್ಲ ಅಂತ ಅತ್ತವರು ಇದ್ದಾರೆ. ಇಲ್ಲಿ ಇರಬಾರದ ಪುಸ್ತಕದಲ್ಲಿ ಹೆಸರು ಉಳೀತದೆ. ಎರಡರಲ್ಲೂ ಪೆಟ್ಟು ತಿನ್ನೂದು ಬರೆದವರಲ್ಲ, ಬರೆಸಿಕೊಂಡವರು.

ಹಾಂಗಾಗಿ ಇವತ್ತೇ ಕಪಾಟು ತೆಗೀರಿ, ಆರ್‌ಸಿ ಹುಡುಕಿ, ಯಾರ ಹೆಸರಲ್ಲಿದೆ ಓದಿ. ಹಿಂದೆ ಗುಜರಿಗೆ ಕೊಟ್ಟ ಗಾಡಿ ಇದ್ರೆ ಅದರ ನಂಬರು ಹಾಕಿ ನೋಡಿಸಿ. ಇನ್ನೂ ಬದುಕಿದೆ ಅಂತ ತೋರಿಸಿದ್ರೆ ತಡ ಆಯ್ತು ಅಂತ ಕೈ ಚೆಲ್ಲಬೇಡಿ, ಇವತ್ತಿನ ತಾರೀಕು ಹಾಕಿ ಪತ್ರ ಕೊಡಿ. ಕಾರವಾರಕ್ಕೆ ಒಬ್ಬರೇ ಹೋಗೂಕೆ ಬೇಸರ ಆದ್ರೆ ನನ್ನನ್ನು ಕರೀರಿ. ನಾದಿನಿಯ ಕೆಲಸಕ್ಕೆ ಹೆಂಗೂ ಬರುವ ಸೋಮವಾರ ಹೋಗೂದದೆ.